ಈಜುಕೊಳದ ಕಲೆ: ಉಜ್ಜುವ ಮೊದಲು ನೀರು ನೋಡಿ

ಗೋಕರ್ಣ, ಕುಮಟಾ, ಹೊನ್ನಾವರದ ಹೋಮ್‌ಸ್ಟೇಗಳಲ್ಲಿ, ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಈಗ ಈಜುಕೊಳ ಅಪರೂಪವಲ್ಲ. ಕಟ್ಟಿ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಬರುವ ದೂರೂ ಹೆಚ್ಚುಕಡಿಮೆ ಒಂದೇ: ತಳದಲ್ಲಿ ಕಂದು ಬಣ್ಣ ಕೂತಿದೆ, ಟೈಲ್ಸ್ ಸಂದು ಕಪ್ಪಾಗಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಆಗ ಎಲ್ಲರೂ ಮಾಡುವುದು ಬ್ಲೀಚಿಂಗ್ ಪೌಡರ್ ಸುರಿಯುವ ಕೆಲಸ. ಅದಕ್ಕೂ ಬಗ್ಗದಿದ್ದರೆ ಆಸಿಡ್. ನಮ್ಮ ಉತ್ತರ ಕನ್ನಡ ಜಿಲ್ಲೆಯ ನೀರಿಗೆ ಇವೆರಡೂ ಹೆಚ್ಚಿನ ಸಲ ತಪ್ಪು ಮದ್ದು. ಇಲ್ಲಿನ ಕಲೆಗಳಲ್ಲಿ ದೊಡ್ಡ ಪಾಲು ಕಬ್ಬಿಣದ್ದು. ಕ್ಲೋರಿನ್ ಬಿದ್ದಷ್ಟೂ ಕಬ್ಬಿಣ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆಸಿಡ್ ಅಂತೂ ಕಲೆಯ ಜೊತೆಗೆ ಸಂದಿನ ಸಿಮೆಂಟನ್ನೂ ತಿಂದು, ಮುಂದಿನ ಕಲೆ ಕೂರಲು ಒರಟು ಜಾಗ ಮಾಡಿಕೊಡುತ್ತದೆ.

ಇಲ್ಲಿ ಕೊಡುವ ಲೆಕ್ಕವೆಲ್ಲ 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.5 ಮೀಟರ್ ಆಳದ ಕೊಳಕ್ಕೆ, ಅಂದರೆ 48,000 ಲೀಟರಿಗೆ. ನಿಮ್ಮ ಕೊಳ ಚಿಕ್ಕದಿದ್ದರೆ ಅದೇ ಪ್ರಮಾಣದಲ್ಲಿ ಇಳಿಸಿಕೊಳ್ಳಿ.

ನೀರಿನಲ್ಲೇ ಕಲೆ ಬರುತ್ತಿದೆಯೇ?

ಕರಾವಳಿಯ ಚಿರೆಕಲ್ಲಿನ ನೆಲಕ್ಕೆ ಕೆಂಪು ಬಣ್ಣ ಬಂದಿದ್ದೇ ಕಬ್ಬಿಣದಿಂದ. ಈ ನೆಲದ ಬಾವಿ ನೀರು ಸಾಮಾನ್ಯವಾಗಿ ಮೃದು, ಸ್ವಲ್ಪ ಹುಳಿ ಗುಣದ್ದು; ಪಿಎಚ್ 7ಕ್ಕಿಂತ ಕೆಳಗೇ ಇರುತ್ತದೆ. ಬೋರಿನ ನೀರಾದರೆ ಕಬ್ಬಿಣ ಕರಗಿದ ಸ್ಥಿತಿಯಲ್ಲೇ ಮೇಲೆ ಬರುತ್ತದೆ. ಪೈಪಿನಿಂದ ಬೀಳುವಾಗ ನೀರು ಕನ್ನಡಿಯಂತಿರುತ್ತದೆ, ಕೊಳಕ್ಕೆ ಬಿದ್ದು ಕ್ಲೋರಿನ್ ಸೇರಿದ ಮೇಲೆ ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ.

ಪತ್ತೆ ಮಾಡಲು ಬಿಳಿ ಬಕೆಟ್ ಸಾಕು. 10 ಲೀಟರ್ ಬೋರಿನ ನೀರಿಗೆ ಒಂದು ಚಿಟಿಕೆ ಬ್ಲೀಚಿಂಗ್ ಪೌಡರ್ ಕಲಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ಹಳದಿ, ಕಂದಾಗಿದ್ದರೆ, ತಳದಲ್ಲಿ ತುಕ್ಕಿನ ಪುಡಿ ಕೂತಿದ್ದರೆ ಕಬ್ಬಿಣ ಖಚಿತ. ಕಪ್ಪು ಪುಡಿ ಕೂತರೆ ಮ್ಯಾಂಗನೀಸ್ ಸಂಶಯ ಮಾಡಿ; ಜೋಯಿಡಾ ಕಡೆ ಮ್ಯಾಂಗನೀಸ್ ಗಣಿಗಳೇ ಇದ್ದವು, ಹಾಗಾಗಿ ಘಟ್ಟದ ಮೇಲಿನವರು ಇದನ್ನು ತಳ್ಳಿಹಾಕಬಾರದು. ಅಡುಗೆಮನೆಯಲ್ಲೂ ಸುಳಿವು ಸಿಗುತ್ತದೆ: ಆ ನೀರಿನಲ್ಲಿ ಕುದಿಸಿದ ಹಾಲಿಲ್ಲದ ಚಹಾ ಕಪ್ಪಿಟ್ಟರೆ, ಪೇರಲೆ ಎಲೆ ಜಜ್ಜಿ ಹಾಕಿದಾಗ ನೀರು ನೇರಳೆಗಪ್ಪಾದರೆ ಕಬ್ಬಿಣ ಇದೆ ಎಂದೇ ಅರ್ಥ. ಎಷ್ಟಿದೆ ಎಂದು ತಿಳಿಯಲು ಲ್ಯಾಬಿಗೆ ಒಂದು ಬಾಟಲಿ ಕೊಡಿ. ಲೀಟರಿಗೆ 0.3 ಮಿಲಿಗ್ರಾಂ ದಾಟಿದರೆ ಕಲೆಗೆ ಸಾಕು. 1 ಮಿಲಿಗ್ರಾಂ ಇದ್ದರೆ ಕೊಳ ಒಮ್ಮೆ ತುಂಬಿಸಿದಾಗಲೇ 48 ಗ್ರಾಂ ಕಬ್ಬಿಣ ಒಳಗೆ ಬಂದಿರುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 5 ಮಿಲಿಮೀಟರ್ ಆವಿಯಾದರೆ 160 ಲೀಟರ್ ಮತ್ತೆ ಬಿಡಬೇಕು. ಆವಿಯಾಗುವುದು ನೀರು ಮಾತ್ರ. ಕಬ್ಬಿಣ ಅಲ್ಲೇ ಉಳಿದು ಹೊಸದು ಸೇರುತ್ತ ಹೋಗುತ್ತದೆ. ಮೊದಲ ವರ್ಷ ಕಾಣದ ಕಲೆ ಎರಡನೇ ಏಪ್ರಿಲ್‌ನಲ್ಲಿ ಕಾಣುವುದು ಇದಕ್ಕೇ.

ಕಲೆ ಎಲ್ಲಿ ಕೂತಿದೆ, ಯಾವುದಕ್ಕೆ ಜಗ್ಗುತ್ತದೆ

ನೀರು ಒಳಗೆ ಬರುವ ಇನ್‌ಲೆಟ್ ಬಾಯಿ, ಮೆಟ್ಟಿಲು, ಲೈಟಿನ ಸುತ್ತ ಹರಡಿದ ಕಂದು ಬಣ್ಣ ನೀರಿನಲ್ಲಿರುವ ಲೋಹದ್ದು. ಆಳದ ಮೂಲೆಯಲ್ಲಿ ಎಲೆಯ ಆಕಾರದಲ್ಲೇ ಬಿದ್ದ ಅಚ್ಚು ಎಲೆಯದ್ದು. ನೀರಿನ ಅಂಚಿಗೆ ಸುತ್ತಲೂ ಕಟ್ಟಿದ ಜಿಡ್ಡಿನ ಗೆರೆ ಕೊಬ್ಬರಿ ಎಣ್ಣೆ, ಸನ್‌ಸ್ಕ್ರೀನ್‌ನದ್ದು. ಅಡುಗೆ ಸೋಡಾ ಕಲಸಿ ಸ್ಪಂಜಿನಲ್ಲಿ ಒರೆಸಿದರೆ ಹೋಗುತ್ತದೆ, ಅದಕ್ಕೆ ಇಷ್ಟೆಲ್ಲ ಓದುವುದು ಬೇಡ. ಬ್ರಷ್ ತಾಗಿದ ಕೂಡಲೇ ಧೂಳಿನಂತೆ ಎದ್ದು ಮತ್ತೆ ಕೂರುವ ಹಳದಿ ಪುಡಿ ಕಲೆಯೇ ಅಲ್ಲ, ನೆರಳಿನ ಬದಿಯಲ್ಲಿ ಬೆಳೆಯುವ ಪಾಚಿ.

ಇದಿಷ್ಟು ಕಣ್ಣಂದಾಜು. ಪಕ್ಕಾ ಆಗಲು ಅಂಗೈ ಅಗಲದ ಜಾಗದಲ್ಲಿ ಮೂರು ಪರೀಕ್ಷೆ ಮಾಡಿ. ಮೋಟರ್ ನಿಲ್ಲಿಸಿಕೊಳ್ಳಿ.

1. ಮೆಡಿಕಲ್ ಶಾಪಿನ 500 ಮಿಲಿಗ್ರಾಂ ವಿಟಮಿನ್ ಸಿ ಮಾತ್ರೆಯನ್ನು ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಚೀಪುವ ಕಿತ್ತಳೆ ಬಣ್ಣದ್ದು ಬೇಡ, ಅದರಲ್ಲಿ ಸಕ್ಕರೆ ಮತ್ತು ಬಣ್ಣ ಇರುತ್ತದೆ. ಆಳದಲ್ಲಾದರೆ ನಾಲ್ಕೈದು ಮಾತ್ರೆ ಜಜ್ಜಿ ಬಿಳಿ ಸಾಕ್ಸಿನಲ್ಲಿ ಕಟ್ಟಿ, ಬ್ರಷ್ ಕೋಲಿನ ತುದಿಗೆ ಸಿಕ್ಕಿಸಿ ಇಳಿಸಿ. ಮಾತ್ರೆ ಕೂತಷ್ಟೇ ಜಾಗ ದುಂಡಗೆ ಬೆಳ್ಳಗಾದರೆ ಕಬ್ಬಿಣ. ಮ್ಯಾಂಗನೀಸ್ ಕೂಡ ಇದಕ್ಕೆ ಜಗ್ಗುತ್ತದೆ, ಆದರೆ ಅದರ ಬಣ್ಣ ಕಂದುಗಪ್ಪು ಅಥವಾ ನೇರಳೆಗಪ್ಪು.

2. ಕಿರಾಣಿ ಅಂಗಡಿಯ ಸಿಟ್ರಿಕ್ ಆಸಿಡ್ ಪುಡಿಯನ್ನು ಬೇರೆ ಸಾಕ್ಸಿನಲ್ಲಿ ಕಟ್ಟಿ ಹತ್ತು ನಿಮಿಷ ಇಡಿ. ಹಸಿರು, ನೀಲಿ ಛಾಯೆಯ ಕಲೆ ಮಾಸಿದರೆ ತಾಮ್ರ.

3. ಮೂರನೆಯ ಸಾಕ್ಸಿಗೆ ಈಜುಕೊಳದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಹರಳು ಒಂದು ಹಿಡಿ ಹಾಕಿ ಹತ್ತು ನಿಮಿಷ ಇಡಿ. ಕಲೆ ಬೆಳ್ಳಗಾದರೆ ಎಲೆ, ಹಣ್ಣು, ಪಾಚಿಯಂಥ ಸಾವಯವ ಕಲೆ. ಎಫ್‌ಆರ್‌ಪಿ (ಫೈಬರ್‌ಗ್ಲಾಸ್) ತೊಟ್ಟಿ, ವಿನೈಲ್ ಹಾಸಿನ ಕೊಳಕ್ಕೆ ಈ ಪರೀಕ್ಷೆ ಬೇಡ, ಅಲ್ಲಿ ಬಣ್ಣವೇ ಹೋಗುತ್ತದೆ.

ಒಂದು ಸಾಕ್ಸಿನಲ್ಲಿ ಇದ್ದದ್ದನ್ನು ಇನ್ನೊಂದಕ್ಕೆ ಯಾವ ಕಾರಣಕ್ಕೂ ಬೆರೆಸಬೇಡಿ. ಆಸಿಡ್ ಮತ್ತು ಕ್ಲೋರಿನ್ ಪುಡಿ ಸೇರಿದರೆ ಏಳುವುದು ವಿಷಗಾಳಿ. ಟಿಸಿಸಿಎ ಮಾತ್ರೆ (ನಿಧಾನವಾಗಿ ಕರಗುವ ಕ್ಲೋರಿನ್ ಮಾತ್ರೆ) ಮತ್ತು ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಒಂದೇ ಡಬ್ಬದಲ್ಲಿ, ಒಂದೇ ಮಗ್ಗಿನಲ್ಲಿ ಕೂಡಿದರೂ ಬೆಂಕಿ ಹೊತ್ತಿಕೊಳ್ಳಬಹುದು, ಸ್ಫೋಟವೂ ಆಗಬಹುದು.

ಕಬ್ಬಿಣದ ಕಲೆ ತೆಗೆಯುವ ಕ್ರಮ

ಬೇಕಾದ್ದು 600 ಗ್ರಾಂ ಆಸ್ಕಾರ್ಬಿಕ್ ಆಸಿಡ್, ಅಂದರೆ ವಿಟಮಿನ್ ಸಿಯ ಪುಡಿ. ಇಲ್ಲಿ ಸಿಗದಿದ್ದರೆ ಹುಬ್ಬಳ್ಳಿಯ ರಾಸಾಯನಿಕ ಅಂಗಡಿಗಳಲ್ಲಿ ಕೇಳಿ. ಜೊತೆಗೆ ತಾಮ್ರವಿಲ್ಲದ ಪಾಲಿಕ್ವಾಟ್ ಪಾಚಿನಾಶಕ, ಲೋಹವನ್ನು ನೀರಿನಲ್ಲೇ ಹಿಡಿದಿಡುವ ಎಚ್‌ಇಡಿಪಿ ದ್ರಾವಣ, ಪಿಎಚ್ ಮತ್ತು ಕ್ಲೋರಿನ್ ಕಿಟ್. ಒಂದು ವಾರ ಕೊಳಕ್ಕೆ ಯಾರನ್ನೂ ಇಳಿಸುವಂತಿಲ್ಲ, ಹಾಗಾಗಿ ಹೋಮ್‌ಸ್ಟೇಯವರು ಬುಕಿಂಗ್ ಇಲ್ಲದ ವಾರ ಹಿಡಿಯಿರಿ.

ಮೊದಲು ಕ್ಲೋರಿನ್ ಇಳಿಯಬೇಕು. ತೇಲುವ ಡಬ್ಬ, ತೇಲುವ ಕಸ ಎಳೆದುಕೊಳ್ಳುವ ಸ್ಕಿಮ್ಮರಿನಲ್ಲಿರುವ ಮಾತ್ರೆ ಎಲ್ಲ ತೆಗೆಯಿರಿ. ಬಿಸಿಲಿದ್ದರೆ ಎರಡು ಮೂರು ದಿನಕ್ಕೆ ಕಿಟ್ ಸೊನ್ನೆ ಅಥವಾ 0.5 ತೋರಿಸುತ್ತದೆ. ಈ ಹಂತದಲ್ಲಿ ಅವಸರ ಮಾಡಿದವರ ಪುಡಿಯೆಲ್ಲ ದಂಡ. 1 ಗ್ರಾಂ ಕ್ಲೋರಿನ್ ಸುಮಾರು 2.5 ಗ್ರಾಂ ಆಸ್ಕಾರ್ಬಿಕ್ ಆಸಿಡನ್ನು ತಿನ್ನುತ್ತದೆ. ನೀರಿನಲ್ಲಿ 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ) ಕ್ಲೋರಿನ್ ಉಳಿದಿದ್ದರೆ 600 ಗ್ರಾಂನಲ್ಲಿ 360 ಗ್ರಾಂ ಕಲೆ ಮುಟ್ಟುವ ಮೊದಲೇ ಖಾಲಿ. ಕ್ಲೋರಿನ್ ಇಲ್ಲದ ದಿನಗಳಲ್ಲಿ ಪಾಚಿ ಏಳದಿರಲು ಪಾಲಿಕ್ವಾಟನ್ನು ಡಬ್ಬಿಯ ಮೇಲಿನ ಅಳತೆಯಂತೆ ಈಗಲೇ ಹಾಕಿ. ಪಿಎಚ್ 7.2ಕ್ಕೆ ತನ್ನಿ.

ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಿ (ನೀರನ್ನು ಹಿಮ್ಮುಖ ಹಾಯಿಸಿ ತೊಳೆದು), ಮೋಟರ್ ಚಾಲೂ ಇಟ್ಟು, ಪುಡಿಯನ್ನು ಕಲೆ ಹೆಚ್ಚಿರುವ ಕಡೆ ಅಂಚಿನಿಂದ ಬೀಸಿ ಎರಚಿ. ಮೊದಲು 400 ಗ್ರಾಂ. ಅರ್ಧ ಗಂಟೆಯಲ್ಲೇ ಮೆಟ್ಟಿಲಿನ ಮೇಲಿನ ಕಂದು ತೆಳುವಾಗುತ್ತ ಬರುವುದು ಕಣ್ಣಿಗೇ ಕಾಣುತ್ತದೆ. ಮೃದುವಾದ ಬ್ರಷ್ ಆಡಿಸಿದರೆ ಇನ್ನೂ ಬೇಗ. ಎರಡು ತಾಸಿನ ನಂತರ ಉಳಿದ ಕಡೆಗಳಿಗೆ ಮಿಕ್ಕ 200 ಗ್ರಾಂ.

ಕಲೆ ಹೋಯಿತೆಂದು ಇಲ್ಲಿಗೆ ಕೈ ತೊಳೆದುಕೊಂಡರೆ ವಾರದಲ್ಲಿ ವಾಪಸ್ ಬರುತ್ತದೆ. ಕಬ್ಬಿಣ ಗೋಡೆ ಬಿಟ್ಟು ನೀರಿಗೆ ಬಂದಿದೆ ಅಷ್ಟೇ, ಕೊಳ ಬಿಟ್ಟು ಹೋಗಿಲ್ಲ. ಕಲೆ ಬಿಟ್ಟ ದಿನವೇ ಎಚ್‌ಇಡಿಪಿ ದ್ರಾವಣ ಹಾಕಿ, 24 ಗಂಟೆ ಮೋಟರ್ ಓಡಿಸಿ. ಮೂರನೇ ದಿನದಿಂದ ಕ್ಲೋರಿನ್ ಶುರು, ಅದೂ ಸ್ವಲ್ಪ ಸ್ವಲ್ಪ: 10 ಶೇಕಡಾದ ದ್ರವ ಹೈಪೋಕ್ಲೋರೈಟ್ ದಿನಕ್ಕೆ ಅರ್ಧ ಲೀಟರ್, ಅಂದರೆ 1 ಪಿಪಿಎಂ. ಮೊದಲ ಒಂದೆರಡು ದಿನ ಕಿಟ್‌ನಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ, ಉಳಿದ ಆಸ್ಕಾರ್ಬಿಕ್ ಅದನ್ನು ತಿನ್ನುತ್ತಿರುತ್ತದೆ. ಕಾಣಿಸುತ್ತಿಲ್ಲ ಎಂದು ಒಮ್ಮೆಲೇ ಎರಡು ಕಿಲೋ ಸುರಿಯುವುದೇ ಇಲ್ಲಿನ ದೊಡ್ಡ ತಪ್ಪು. ಪಿಎಚ್ ಏರಿಸಲು ಸೋಡಾ ಆಶ್ ಕೂಡ ಹಾಗೆಯೇ, ದಿನಕ್ಕೆ 200 ಗ್ರಾಂ ಮೀರದಂತೆ, ಬಕೆಟ್ಟಿನಲ್ಲಿ ಕರಗಿಸಿ. ಪಿಎಚ್ ಒಮ್ಮೆಗೆ ಹಾರಿದರೆ ಕಬ್ಬಿಣ ಮತ್ತೆ ಗೋಡೆಗೆ ಹೋಗಿ ಕೂರುತ್ತದೆ. ನೀರಿಗೆ ಚಹಾ ಬಣ್ಣ ಬರತೊಡಗಿದರೆ ಕ್ಲೋರಿನ್ ನಿಲ್ಲಿಸಿ, 100 ಗ್ರಾಂ ಆಸ್ಕಾರ್ಬಿಕ್ ಮತ್ತು ಇನ್ನಷ್ಟು ಎಚ್‌ಇಡಿಪಿ ಹಾಕಿ.

ಎಚ್‌ಇಡಿಪಿಯನ್ನು ಕ್ಲೋರಿನ್ ಮತ್ತು ಬಿಸಿಲು ನಿಧಾನವಾಗಿ ಒಡೆಯುತ್ತವೆ. ಆದ್ದರಿಂದ ವಾರಕ್ಕೊಮ್ಮೆ ಸ್ವಲ್ಪ ಹಾಕುತ್ತಲೇ ಇರಬೇಕು, ಕಬ್ಬಿಣ ಕೊಳದಿಂದ ಹೊರಹೋಗುವವರೆಗೆ.

ಹೊರಹಾಕುವ ದಾರಿ ಮೇಲಿನಿಂದಲೇ ಬೀಳುತ್ತದೆ

ಮಳೆನೀರಿನಲ್ಲಿ ಕಬ್ಬಿಣ ಇಲ್ಲ. ಇದನ್ನು ಬಳಸದೆ ಟ್ಯಾಂಕರ್ ತರಿಸುವುದು ಈ ಜಿಲ್ಲೆಯಲ್ಲಂತೂ ಸರಿಯಲ್ಲ. 100 ಚದರ ಮೀಟರ್ ಮಾಡಿನ ಮೇಲೆ 60 ಮಿಲಿಮೀಟರ್ ಮಳೆ ಬಿದ್ದರೆ 6,000 ಲೀಟರ್. ಸೋರಿಕೆ ಕಳೆದು 5,000 ಆದರೂ ಕೊಳಕ್ಕೆ ಬರುತ್ತದೆ. ಜುಲೈಯಲ್ಲಿ ಅದು ಒಂದು ದಿನದ ಮಾತು. ಕೊಳದಿಂದ 15 ಸೆಂಟಿಮೀಟರ್, ಅಂದರೆ 4,800 ಲೀಟರ್ ತೆಗೆದು ಮಾಡಿನ ನೀರು ತುಂಬಿಸಿ. ಹತ್ತು ಸಲ ಹೀಗೆ ಮಾಡಿದರೆ ಕಬ್ಬಿಣ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಂಚಿನ ಮಾಡಾದರೆ ಮೊದಲ ಮಳೆಗಳ ನೀರು ಬೇಡ, ಹಾವಸೆ ಮತ್ತು ಎಲೆಯ ರಸ ತೊಳೆದು ಹೋಗಲಿ. ಆಮೇಲೆ ಪೈಪಿನ ಬಾಯಿಗೆ ದಪ್ಪ ಬಟ್ಟೆ ಕಟ್ಟಿ ಬಿಡಿ.

ಒಂದೇ ಸಲ ಪೂರ್ತಿ ಖಾಲಿ ಮಾಡುವ ಯೋಚನೆ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೇಡವೇ ಬೇಡ. ಆ ತಿಂಗಳುಗಳಲ್ಲಿ ಕರಾವಳಿಯ ಬಾವಿಗಳಲ್ಲಿ ಕೈಗೆ ಎಟಕುವಷ್ಟು ಮೇಲೆ ನೀರಿರುತ್ತದೆ. ಖಾಲಿ ಕೊಳವನ್ನು ಕೆಳಗಿನ ನೀರು ದೋಣಿಯಂತೆ ಎತ್ತುತ್ತದೆ: ಎಫ್‌ಆರ್‌ಪಿ ತೊಟ್ಟಿ ಮೇಲೇಳುತ್ತದೆ, ಕಾಂಕ್ರೀಟ್ ತಳ ಬಿರಿಯುತ್ತದೆ, ಟೈಲ್ಸ್ ಉಬ್ಬುತ್ತದೆ. ಪಕ್ಕದ ಬಾವಿಯ ನೀರಿನ ಮಟ್ಟಕ್ಕಿಂತ ಕೊಳದ ನೀರನ್ನು ಕೆಳಗೆ ಇಳಿಸಬೇಡಿ. ಖಾಲಿ ಮಾಡಲೇಬೇಕಾದ ಕೆಲಸ ಫೆಬ್ರವರಿ ನಂತರ, ಬಾವಿ ಇಳಿದ ಮೇಲೆ.

ಮಳೆನೀರಿನಲ್ಲಿ ಕಬ್ಬಿಣವೂ ಇಲ್ಲ, ಸುಣ್ಣದ ಅಂಶವೂ ಇಲ್ಲ. ಸುಣ್ಣ ಸಿಗದ ನೀರು ಸಂದಿನ ಸಿಮೆಂಟಿನಿಂದಲೇ ಅದನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಆಲ್ಕಲಿನಿಟಿ (ಪಿಎಚ್ ಏರುಪೇರಾಗದಂತೆ ತಡೆಯುವ ಗುಣ) 80ರಿಂದ 120 ಪಿಪಿಎಂ, ಕ್ಯಾಲ್ಸಿಯಂ ಗಡಸುತನ 200 ಪಿಪಿಎಂಗೆ ಕಡಿಮೆಯಾಗದಂತೆ ನೋಡಿಕೊಳ್ಳಿ. ಆಲ್ಕಲಿನಿಟಿ 50 ಏರಿಸಲು 4 ಕಿಲೋ ಅಡುಗೆ ಸೋಡಾ. ಗಡಸುತನ 100 ಏರಿಸಲು 77 ಶೇಕಡಾದ ಕ್ಯಾಲ್ಸಿಯಂ ಕ್ಲೋರೈಡ್ 7 ಕಿಲೋ, ಮೂರ್ನಾಲ್ಕು ದಿನಗಳಲ್ಲಿ ಹಂಚಿ. ಈ ಕ್ಲೋರೈಡ್ ನೀರಿಗೆ ಬಿದ್ದಾಗ ಬಕೆಟ್ ಕೈಸುಡುವಷ್ಟು ಬಿಸಿಯಾಗುತ್ತದೆ, ಜಾಗ್ರತೆ.

ಚೊಗರು ಮತ್ತು ಕಬ್ಬಿಣ ಕೂಡಿದರೆ

ಅಡಿಕೆ ಸೀಮೆಯ ಕೊಳಗಳಲ್ಲಿ ಕಾಣುವ ನೀಲಿಗಪ್ಪು ಕಲೆ ಬೇರೆ ಮಾತು. ಅಡಿಕೆ ಕಾಯಿ, ಹಾಳೆ, ಗೇರು ಮತ್ತು ಹಲಸಿನ ಎಲೆಗಳಲ್ಲಿ ಚೊಗರು ತುಂಬಿದೆ. ಕಬ್ಬಿಣವಿಲ್ಲದ ನೀರಿಗೆ ಬಿದ್ದರೆ ಕಂದು ಅಚ್ಚು ಬಿಡುತ್ತದೆ, ಕ್ಲೋರಿನ್‌ಗೆ ಹೋಗುತ್ತದೆ. ಕಬ್ಬಿಣ ಇರುವ ನೀರಿಗೆ ಬಿದ್ದರೆ ಎರಡೂ ಸೇರಿ ಶಾಯಿಯೇ ಆಗುತ್ತದೆ. ಹಳೆಯ ಕಾಲದ ಬರೆಯುವ ಶಾಯಿ ತಯಾರಾಗುತ್ತಿದ್ದುದು ಇದೇ ಕೂಟದಿಂದ. ಇಂಥ ಕಲೆ ಮೂರೂ ಪರೀಕ್ಷೆಯಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟು ಗೊಂದಲ ಮಾಡುತ್ತದೆ: ವಿಟಮಿನ್ ಸಿ ಇಟ್ಟಾಗ ಕಪ್ಪು ಹೋಗಿ ಕಂದು ಉಳಿಯುತ್ತದೆ, ಕ್ಲೋರಿನ್ ಇಟ್ಟಾಗ ಕಪ್ಪು ಹೋಗಿ ತುಕ್ಕಿನ ಬಣ್ಣ ಉಳಿಯುತ್ತದೆ. ಹೀಗಾದರೆ ಕಬ್ಬಿಣವನ್ನೇ ಮೊದಲು ಹಿಡಿಯಿರಿ. ಆಸ್ಕಾರ್ಬಿಕ್ ಕ್ರಮ ಮುಗಿಸಿ, ಎಚ್‌ಇಡಿಪಿ ಹಾಕಿ, ಮಳೆನೀರಿನಿಂದ ಕಬ್ಬಿಣ ಇಳಿಸಿದ ಮೇಲೆಯೇ ಉಳಿದ ಕಂದು ಅಚ್ಚಿಗೆ ಕ್ಲೋರಿನ್. ಕ್ರಮ ಹಿಂದುಮುಂದಾದರೆ ಶಾಯಿ ಹೋಗಿ ತುಕ್ಕು ಬರುತ್ತದೆ.

ಬರೀ ಎಲೆ ಕಲೆಗೆ ಕ್ಲೋರಿನನ್ನು 10 ಪಿಪಿಎಂಗೆ ಏರಿಸಿ: 65 ಶೇಕಡಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ 740 ಗ್ರಾಂ, ಸಂಜೆ ಹೊತ್ತು, ಬಕೆಟ್ ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕರಗಿಸಿ. ದಿನಾ ಎರಡು ಸಲ ಬ್ರಷ್. ಸಾದಾ ಬ್ಲೀಚಿಂಗ್ ಪೌಡರ್ ಆದರೆ ಅದರಲ್ಲಿ ಕ್ಲೋರಿನ್ ಮೂರನೇ ಒಂದು ಭಾಗದಷ್ಟೇ, ಉಳಿದದ್ದು ಬಹುಪಾಲು ಸುಣ್ಣ. ಕಲಸಿ ತಿಳಿಯಾಗಲು ಬಿಟ್ಟು ಮೇಲಿನ ನೀರು ಮಾತ್ರ ಸುರಿಯಿರಿ, ಇಲ್ಲದಿದ್ದರೆ ತಳದಲ್ಲಿ ಬಿಳಿ ಕಲೆ ಹೊಸದಾಗಿ ಹುಟ್ಟುತ್ತದೆ. ವರ್ಷಗಟ್ಟಲೆ ಟಿಸಿಸಿಎ ಮಾತ್ರೆಯನ್ನೇ ಬಳಸಿದ ಕೊಳದಲ್ಲಿ ಕ್ಲೋರಿನ್‌ನ ಬಲ ಕುಗ್ಗಿಸುವ ಸಯನ್ಯೂರಿಕ್ ಆಸಿಡ್ ಏರಿ ಕುಳಿತಿರುತ್ತದೆ, ಅಲ್ಲಿ 10 ಪಿಪಿಎಂ ಸಾಲುವುದಿಲ್ಲ. ಸಯನ್ಯೂರಿಕ್ 50 ಪಿಪಿಎಂ ದಾಟಿದ್ದರೆ ನೀರು ಬದಲಿಸುವುದೇ ದಾರಿ.

ಸಂದಿನಲ್ಲಿ ಕಪ್ಪು ಚುಕ್ಕೆ ಇದ್ದು ಉಗುರಿನಿಂದ ಕೆರೆದಾಗ ಜಿಡ್ಡು ಬಂದರೆ ಅದು ಕರಿ ಪಾಚಿ. ಸ್ಟೀಲ್ ಬ್ರಷ್‌ನಿಂದ ಮೇಲ್ಪದರ ಒಡೆಯದೆ ಯಾವ ಔಷಧಿಯೂ ಒಳಗೆ ಇಳಿಯುವುದಿಲ್ಲ. ಒಡೆದ ಮೇಲೆ ಕೈಗವಸು ಹಾಕಿಕೊಂಡು ಟಿಸಿಸಿಎ ಮಾತ್ರೆ ಉಜ್ಜಿ. ಬ್ರಷ್ಷಿನ ಎಳೆ ಮುರಿದು ಬಿದ್ದರೆ ಹೆಕ್ಕಿ ತೆಗೆಯಿರಿ.

ಬೋರ್ಡೋ ಹೊಡೆಯುವ ದಿನ ಕೊಳ ಮುಚ್ಚಿ

ತಾಮ್ರದ ಕಲೆ ಹಸಿರುನೀಲಿ. ತೊಳೆದ ಬಿಳಿಕೂದಲಿಗೂ ಅದೇ ಛಾಯೆ ಬರುತ್ತದೆ. ಮೂಲ ಹುಡುಕುವಾಗ ಪಾಚಿಗೆಂದು ಹಾಕಿದ ಮೈಲುತುತ್ತವನ್ನು ಮೊದಲು ನೆನಪಿಸಿಕೊಳ್ಳಿ, ಆಮೇಲೆ ತೋಟದ ಕಡೆ ನೋಡಿ. ಕೊಳೆರೋಗಕ್ಕೆ ಹೊಡೆಯುವ 1 ಶೇಕಡಾ ಬೋರ್ಡೋದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತ, ಅದರಲ್ಲಿ ತಾಮ್ರವೇ ಸುಮಾರು 250 ಗ್ರಾಂ. ಗಾಳಿಗೆ ತೂರಿ 5 ಲೀಟರ್ ಕೊಳಕ್ಕೆ ಬಿದ್ದರೂ 0.26 ಪಿಪಿಎಂ ಆಗುತ್ತದೆ, ಕಲೆಗೆ ಅಷ್ಟು ಸಾಕು. ಮಳೆಗಾಲದ ಮೊದಲ ಹೊಡೆತಕ್ಕೂ ನಂತರದ ಹೊಡೆತಕ್ಕೂ ಕೊಳಕ್ಕೆ ತಾಡಪತ್ರಿ ಹೊದೆಸಿ, ಬ್ಯಾರೆಲ್ಲು ಕೊಳದ ಕಟ್ಟೆಯಿಂದ ದೂರ, ಇಳಿಜಾರಿನ ಕೆಳಬದಿಗಿರಲಿ.

ಚಿಕಿತ್ಸೆಯ ಕ್ರಮ ಕಬ್ಬಿಣದ್ದೇ. ಪುಡಿ ಮಾತ್ರ ಸಿಟ್ರಿಕ್ ಆಸಿಡ್, 600 ಗ್ರಾಂ. ಕೆಲಸ ನಿಧಾನ, ಎರಡು ಮೂರು ದಿನ ಬೇಕು.

ಅದೇ ಜಾಗದಲ್ಲಿ ಮರಳಿ ಬರುವ ತುಕ್ಕಿನ ಚುಕ್ಕೆ

ರೂಪಾಯಿ ಅಗಲದ ಕಂದು ಚುಕ್ಕೆ ಒಂದೇ ಕಡೆ ಮತ್ತೆ ಮತ್ತೆ ಬಂದರೆ ಅದು ನೀರಿನದ್ದಲ್ಲ, ಒಳಗಿನ ಸರಳಿನದ್ದು ಅಥವಾ ಬೈಂಡಿಂಗ್ ವಯರಿನ ತುದಿಯದ್ದು. ಕರಾವಳಿಯಲ್ಲಿ ಉಪ್ಪಿನಂಶದ ಮರಳು ಬಳಸಿದ ಕೊಳಗಳಲ್ಲಿ ಇದು ಬೇಗ ಬರುತ್ತದೆ. ಔಷಧಿಯಿಂದ ಹೋಗುವುದಿಲ್ಲ. ಬೇಸಿಗೆಯಲ್ಲಿ ನೀರಿಳಿಸಿ, ಟೈಲ್ ಎಬ್ಬಿಸಿ, ತುಕ್ಕು ಹಿಡಿದ ಭಾಗ 3 ಸೆಂಟಿಮೀಟರ್ ಆಳಕ್ಕೆ ಕೊರೆದು, ವಯರ್ ಆದರೆ ಕತ್ತರಿಸಿ, ಎಪಾಕ್ಸಿ ಗಾರೆ ತುಂಬಬೇಕು. ಮುಖ್ಯ ಸರಳೇ ತುಕ್ಕು ಹಿಡಿದಿದ್ದರೆ ಇಂಜಿನಿಯರಿಗೆ ತೋರಿಸದೆ ಕತ್ತರಿಸಬೇಡಿ. ತಳದ ತುಂಬ ಸಾಸಿವೆ ಗಾತ್ರದ ಚುಕ್ಕೆಗಳಿದ್ದರೆ ಹತ್ತಿರದಲ್ಲಿ ತಗಡಿನ ಶೀಟು ಕತ್ತರಿಸಿದ್ದರೇ ಎಂದು ಕೇಳಿ. ಆ ಕಬ್ಬಿಣದ ಪುಡಿಗೆ ಕೋಲಿಗೆ ಕಟ್ಟಿದ ಅಯಸ್ಕಾಂತ, ಆಮೇಲೆ ವಿಟಮಿನ್ ಸಿ. ಏಣಿಯ ಬುಡದಲ್ಲಿ ತುಕ್ಕು ಇಳಿದಿದ್ದರೆ ಏಣಿ 304 ದರ್ಜೆಯ ಸ್ಟೀಲಿನದ್ದಾಗಿರುವ ಸಾಧ್ಯತೆ ಹೆಚ್ಚು. ಕಡಲ ಗಾಳಿಗೆ 316 ಬೇಕು.

ಬೋರಿನ ನೀರನ್ನು ತೊಟ್ಟಿಯಲ್ಲೇ ಹಿಡಿಯಿರಿ

ಮೇಲಿನಿಂದ ಝರಿಯಂತೆ ಬೀಳಿಸಿದರೆ ಕಬ್ಬಿಣ ಹೋಗುತ್ತದೆ ಎಂದು ಹಲವರು ಶವರ್ ಹಾಕಿಸುತ್ತಾರೆ. ಹುಳಿ ನೀರಿನಲ್ಲಿ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ಕಬ್ಬಿಣ ಗಾಳಿಯೊಂದಿಗೆ ಕೂಡಿ ತುಕ್ಕಾಗುವ ವೇಗ ಪಿಎಚ್ ಒಂದು ಅಂಕ ಏರಿದರೆ ಸುಮಾರು 100 ಪಟ್ಟು ಹೆಚ್ಚುತ್ತದೆ, 6ರಲ್ಲಿ ಬಹಳ ನಿಧಾನ. 1,000 ಲೀಟರ್ ಸಿಂಟೆಕ್ಸಿನಲ್ಲಿ ಸೋಡಾ ಆಶನ್ನು 20 ಗ್ರಾಂನಷ್ಟು ಹಾಕುತ್ತ ಪಿಎಚ್ 7.5ಕ್ಕೆ ತನ್ನಿ, 10 ಶೇಕಡಾದ ಹೈಪೋಕ್ಲೋರೈಟ್ 20 ಮಿಲಿಲೀಟರ್ ಸೇರಿಸಿ, ರಾತ್ರಿ ಬಿಡಿ. ಬೆಳಿಗ್ಗೆ ತಳದಿಂದ 15 ಸೆಂಟಿಮೀಟರ್ ಮೇಲಿನ ನಲ್ಲಿಯಿಂದ, ಮರಳಿನ ಫಿಲ್ಟರ್ ದಾಟಿಸಿ ಕೊಳಕ್ಕೆ ಬಿಡಿ. ತಳದ ಕೆಂಪು ಕೆಸರನ್ನು ವಾರಕ್ಕೊಮ್ಮೆ ಬೇರೆ ಕೊಳವೆಯಿಂದ ಹೊರಗೆ ಹಾಯಿಸಿ.

ಬ್ಯಾಕ್‌ವಾಶ್ ನೀರು, ತಾಮ್ರ ಕರಗಿದ ನೀರು, ಹೆಚ್ಚು ಕ್ಲೋರಿನ್ ಇರುವ ನೀರು ಹಳ್ಳಕ್ಕೆ, ಗದ್ದೆಗೆ, ಬಾವಿಯ ಹತ್ತಿರ ಹೋಗಬಾರದು. ಮೀನು ಸಾಯಲು ತಾಮ್ರ ತೀರಾ ಸ್ವಲ್ಪ ಸಾಕು. ಬಾವಿಯಿಂದ ದೂರದಲ್ಲಿ, ಇಳಿಜಾರಿನ ಕೆಳಗೆ ಇಂಗುಗುಂಡಿ ತೋಡಿ ಅದಕ್ಕೇ ಪೈಪ್ ಎಳೆಸಿ. ಮಳೆಗಾಲದಲ್ಲಿ ಆ ಗುಂಡಿ ತುಂಬಿ ಉಕ್ಕುವಂತಿದ್ದರೆ ಬ್ಯಾಕ್‌ವಾಶನ್ನು ಹೊಳವಾದ ದಿನಕ್ಕೆ ಇಟ್ಟುಕೊಳ್ಳಿ.